ವಲಸೆ ಬಂದವರು, ನೆಲೆ ನಿಂತವರು: ಬೆಳಗೊಳದ ಶಾಸನದ ಬೆಳಕಿನಲ್ಲಿ ಇಂದಿನ ನಿರಾಶ್ರಿತರು

ನಿರಾಶ್ರಿತರ ಪ್ರಶ್ನೆ ನಮ್ಮ ಕಾಲದಲ್ಲಿ ಹೊಸದಾಗಿ ಹುಟ್ಟಿದ್ದು ಎಂಬ ಭಾವನೆ ಸಮಾಜದಲ್ಲಿ ಮಾತ್ರವಲ್ಲ, ನಮ್ಮ ಸಭೆಗಳಲ್ಲಿಯೂ ಬೇರೂರಿದೆ. 2024ರ ಕೊನೆಯ ಹೊತ್ತಿಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರ ಸಂಖ್ಯೆ 12 ಕೋಟಿಯನ್ನು ದಾಟಿತ್ತೆಂದು ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಲೆಕ್ಕ ಹಾಕಿದೆ. ಈ ಸಂಖ್ಯೆಯನ್ನು ಕೇಳಿದಾಗ ಹುಟ್ಟುವ ಕನಿಕರದ ಬೆನ್ನಿಗೇ ಒಂದು ಆಕ್ಷೇಪವೂ ಹುಟ್ಟುತ್ತದೆ. ಹಿಂದೆ ಬಂದವರು ದುಡಿದು, ನಮ್ಮ ಭಾಷೆಯನ್ನು ಕಲಿತು ನಮ್ಮವರಾದರು. ಇಂದು ಬರುವವರು ಹಾಗಲ್ಲ, ಅವರು ಹೊರೆಯಾಗಿ ಬರುತ್ತಾರೆ, ಅವರ ನಿಷ್ಠೆ ಬೇರೆಡೆ ಇರುತ್ತದೆ ಎಂಬುದೇ ಆ ಆಕ್ಷೇಪ. ಈ ಮಾತಿನಲ್ಲಿ ಇತಿಹಾಸದ ಬಗ್ಗೆ ಒಂದು ಹೇಳಿಕೆ ಅಡಗಿದೆ. ಆ ಹೇಳಿಕೆ ನಿಜವೇ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪರಿಶೀಲನೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಸೀಮೆಯನ್ನೇ ತೆಗೆದುಕೊಳ್ಳೋಣ. ನುಗ್ಗೇಹಳ್ಳಿಯ ಹೊಯ್ಸಳ ಗುಡಿಗಳು, ಶ್ರವಣಬೆಳಗೊಳದ ಬೆಟ್ಟಗಳು, ಕೌಶಿಕ, ರುದ್ರಪಟ್ಟಣ, ಸಾತಳ್ಳಿ ಎಂಬ ಊರುಗಳು ಇರುವ ಈ ನೆಲ ಹೊರಗಿನವರಿಗೆ ಬಹು ಹಳೆಯ, ಅಲುಗಾಡದ ಸಮಾಜವೊಂದರ ನೆಲೆಯಾಗಿ ತೋರುತ್ತದೆ. ಆದರೆ ಇದರ ಚರಿತ್ರೆಯನ್ನು ಬಿಡಿಸಿ ನೋಡಿದರೆ ಪದರದ ಕೆಳಗೆ ಪದರವಾಗಿ ವಲಸೆಯ ಕಥೆಗಳೇ ಸಿಗುತ್ತವೆ.

ಎರಡು ಪದಗಳು

ಮೊದಲು ಮಾತಿನ ವಿಚಾರ. ಇಂದು ನಾವು ‘ವಲಸೆ’ ಎಂದಾಗ ಕೆಲಸ ಹುಡುಕಿಕೊಂಡು ಊರು ಬಿಡುವುದನ್ನು ಹೆಚ್ಚಾಗಿ ನೆನೆಯುತ್ತೇವೆ. ಹಳೆಯ ಬಳಕೆಯಲ್ಲಿ ಈ ಪದಕ್ಕೆ ಪರಸೇನೆಯ ಭಯದಿಂದ ಮನೆಮಠ ತೊರೆದು ಓಡುವುದು ಎಂಬ ಅರ್ಥವೂ ಇತ್ತು. ಅಂದರೆ ವಲಸೆಗಾರ ಬೇರೆ, ನಿರಾಶ್ರಿತ ಬೇರೆ ಎಂದು ಇಂದಿನ ಕಾನೂನು ಎಳೆಯುವ ಗೆರೆಯನ್ನು ನಮ್ಮ ಭಾಷೆ ಅಷ್ಟು ಬಿಗಿಯಾಗಿ ಎಳೆದಿರಲಿಲ್ಲ. ಎರಡನೆಯದು ‘ಪರದೇಶಿ’. ಬೇರೆ ದೇಶದವನು ಎಂಬುದಷ್ಟೇ ಇದರ ಮೂಲಾರ್ಥ. ಹಳ್ಳಿಯ ಬಾಯಲ್ಲಿ ‘ಪರದೇಸಿ’ ಎಂದರೆ ದಿಕ್ಕಿಲ್ಲದವನು. ಸಿಟ್ಟಿನಲ್ಲಿ ಆಡಿದರೆ ಅದೇ ಬೈಗುಳ. ಹೊರಗಿನವನನ್ನು ಹೆಸರಿಸುವ ಪದವೇ ಅನಾಥನನ್ನೂ ತಿರಸ್ಕೃತನನ್ನೂ ಹೆಸರಿಸುವ ಪದವಾಯಿತು ಎಂಬುದರಲ್ಲಿ ಸಮಾಜದ ಅನುಭವವೊಂದು ಹೆಪ್ಪುಗಟ್ಟಿದೆ: ನೆಂಟರಿಲ್ಲದವನಿಗೆ ರಕ್ಷಣೆಯಿಲ್ಲ.

ಸತ್ಯವೇದದ ಇಬ್ರಿಯ ಭಾಷೆಯ ‘ಗೇರ್’ ಎಂಬ ಪದವೂ ಇಂಥವನನ್ನೇ ಸೂಚಿಸುತ್ತದೆ. ಸ್ವಂತ ಭೂಮಿಯಿಲ್ಲದೆ, ಕುಲದ ಬೆಂಬಲವಿಲ್ಲದೆ, ಪರರ ನಡುವೆ ಬಾಳುವವನು ಅವನು. ಧರ್ಮೋಪದೇಶಕಾಂಡವು ಅವನನ್ನು ವಿಧವೆ ಮತ್ತು ಅನಾಥರ ಜೊತೆಯಲ್ಲಿಯೇ ಮತ್ತೆ ಮತ್ತೆ ಹೆಸರಿಸುವುದು ಈ ಕಾರಣದಿಂದಲೇ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ‘ಪರೋಯ್ಕೊಸ್’ ಎಂಬ ಪದವಿದೆ. ಪೇತ್ರನ ಮೊದಲ ಪತ್ರಿಕೆ ವಿಶ್ವಾಸಿಗಳನ್ನು ಹಾಗೆ ಕರೆಯುತ್ತದೆ. ಅದೇ ಬೇರಿನಿಂದ ‘ಪ್ಯಾರಿಷ್’ ಎಂಬ ಮಾತು ಬಂದಿದೆ. ನಾವು ಗಡಿ ಗುರುತಿಸಿ, ದಾಖಲೆ ಪುಸ್ತಕವಿಟ್ಟು ನಡೆಸುವ ಪ್ಯಾರಿಷ್ ಎಂಬ ವ್ಯವಸ್ಥೆಯ ಹೆಸರಿಗೆ ‘ಪರಸ್ಥಳದಲ್ಲಿ ತಂಗಿರುವವರ ಗುಂಪು’ ಎಂಬ ಅರ್ಥವಿತ್ತು ಎಂಬುದನ್ನು ಗುರುಮಠದ ವಿದ್ಯಾರ್ಥಿಗಳು ಗಮನಿಸಬೇಕು.

ಬಂದವರ ಸಾಲು

ಚನ್ನರಾಯಪಟ್ಟಣ ತಾಲ್ಲೂಕಿನ ಅತ್ಯಂತ ಹಳೆಯ ಬರಹಗಳಲ್ಲೊಂದು ವಲಸೆಯ ದಾಖಲೆಯಾಗಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ನಿಮಿತ್ತಜ್ಞಾನಿಯಾದ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡನೆಂದೂ, ಅದನ್ನು ಕೇಳಿದ ಜೈನಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣಾಪಥಕ್ಕೆ ಹೊರಟು, ಜನ, ಧನ, ಧಾನ್ಯ, ಗೋವುಗಳಿಂದ ತುಂಬಿದ ನಾಡನ್ನು ಸೇರಿತೆಂದೂ ಅದು ಹೇಳುತ್ತದೆ. ಶಾಸನದಲ್ಲಿ ಬರುವ ಪ್ರಭಾಚಂದ್ರನೇ ಚಂದ್ರಗುಪ್ತ ಮೌರ್ಯನೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಮಗಿಲ್ಲಿ ಮುಖ್ಯವಾದುದು ಬೇರೆ. ಈ ನಾಡಿನ ಜೈನ ಸಮುದಾಯ ತನ್ನ ಆರಂಭವನ್ನು ನೆನೆಯುವುದು ಹಸಿವಿಗೆ ಅಂಜಿ ನಡೆದು ಬಂದವರ ಕಥೆಯಾಗಿ. ಬರಗಾಲಕ್ಕೆ ಸಿಕ್ಕಿ ಐಗುಪ್ತಕ್ಕೆ ಇಳಿದ ಯಾಕೋಬನ ಮಕ್ಕಳ ಕಥೆಯನ್ನು ಓದುವ ನಮಗೆ ಈ ನೆನಪು ಅಪರಿಚಿತವಲ್ಲ. ಈ ಶಾಸನಗಳನ್ನು 1889ರಲ್ಲಿ ಪ್ರಕಟಿಸಿದ ಬಿ. ಎಲ್. ರೈಸ್ ಬೆಂಗಳೂರಿನಲ್ಲಿ ಹುಟ್ಟಿದವರು, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ. ನಾಡಿನ ನೆನಪನ್ನು ನಾಡಿಗೆ ತಿರುಗಿ ಒಪ್ಪಿಸಿದವರಲ್ಲಿ ಪರದೇಶದಿಂದ ಬಂದ ಮನೆಯವರೊಬ್ಬರಿದ್ದರು.

ಎರಡನೆಯ ಪದರ ಶ್ರೀವೈಷ್ಣವರದು. ಸಂಪ್ರದಾಯದ ಪ್ರಕಾರ ರಾಮಾನುಜಾಚಾರ್ಯರು ಶ್ರೀರಂಗವನ್ನು ಬಿಟ್ಟದ್ದು ಚೋಳ ಅರಸನೊಬ್ಬನ ಹಿಂಸೆಗೆ ಸಿಕ್ಕದಿರಲು. ಆ ಅರಸ ಯಾರೆಂಬುದು ಇಂದಿಗೂ ಚರ್ಚೆಯ ವಿಷಯ. ಗುರುವಿನ ಉಡುಪು ತೊಟ್ಟು ಅರಸನೆದುರು ನಿಂತ ಶಿಷ್ಯ ಕೂರೇಶನು ಕಣ್ಣು ಕಳೆದುಕೊಂಡನೆಂದು ಗುರುಪರಂಪರೆ ಹೇಳುತ್ತದೆ. ಮಲೆಕಾಡುಗಳನ್ನು ದಾಟಿ ಹೊಯ್ಸಳ ನಾಡಿಗೆ ಬಂದ ರಾಮಾನುಜರಿಗೆ ಮಿರ್ಲೆ, ಸಾಲಿಗ್ರಾಮ, ತೊಂಡನೂರು, ಮೇಲುಕೋಟೆಗಳಲ್ಲಿ ಆಶ್ರಯ ಸಿಕ್ಕಿತು. ಆಶ್ರಯ ಕೊಟ್ಟ ದೊರೆ ಬಿಟ್ಟಿದೇವ, ಅಂದರೆ ವಿಷ್ಣುವರ್ಧನ. ಅವನ ಮತಾಂತರದ ಕಥೆ ಜನಪ್ರಿಯವಾಗಿದ್ದರೂ ಅವನ ಮನೆಯಲ್ಲಿ ಒಂದೇ ದರ್ಶನವಿರಲಿಲ್ಲ. ರಾಣಿ ಶಾಂತಲೆ 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಜೈನ ವ್ರತದಂತೆ ದೇಹ ಬಿಟ್ಟಳು. ದಂಡನಾಯಕ ಗಂಗರಾಜನೂ ಜೈನನೇ. ಮತಭೇದದ ಕಾರಣ ಓಡಿಬಂದವರಿಗೆ ನೆಲೆ ಸಿಕ್ಕಿದ್ದು ಮತಭೇದವನ್ನು ಸಹಿಸಿಕೊಂಡಿದ್ದ ಅರಮನೆಯಲ್ಲಿ.

ಮೂರನೆಯ ಪದರ ಸಂಕೇತಿಗಳದು. ತಮಿಳುನಾಡಿನ ತೆಂಕಣ ತುದಿಯ ಸೆಂಗೋಟ್ಟೆಯ ಕಡೆಯಿಂದ ಬಂದ ಈ ಬ್ರಾಹ್ಮಣ ಸಮುದಾಯದ ನೆನಪಿನಲ್ಲಿ ನಾಚಾರಮ್ಮ ಎಂಬ ಹೆಣ್ಣುಮಗಳಿದ್ದಾಳೆ. ವಿದ್ಯಾವತಿಯಾಗಿದ್ದ ಅವಳನ್ನು ಊರಿನವರು ಅವಮಾನಿಸಿದರೆಂದೂ, ಅವಳು ಊರನ್ನು ತೊರೆದಾಗ ಅವಳ ಹಿಂದೆ ಹೊರಟವರೇ ತಮ್ಮ ಪೂರ್ವಿಕರೆಂದೂ ಅವರು ಹೇಳಿಕೊಳ್ಳುತ್ತಾರೆ. ಹಾಸನದ ಬಳಿಯ ಕೌಶಿಕ, ಪಿರಿಯಾಪಟ್ಟಣದ ಬಳಿಯ ಬೆಟ್ಟದಪುರ ಅವರ ಮುಖ್ಯ ನೆಲೆಗಳಾದವು. ಮನೆಯೊಳಗೆ ತಮಿಳು, ಮಲಯಾಳ, ಕನ್ನಡಗಳ ಬೆರಕೆಯಾದ ಸಂಕೇತಿ ಮಾತು, ಹೊರಗೆ ಕನ್ನಡ. ಇಂದಿಗೂ ಹೀಗೆಯೇ ಅವರ ಬಾಳು ನಡೆದಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ನಾಡಿಗೆ ಸಂಗೀತಗಾರರನ್ನು ಕೊಟ್ಟ ಸಂಕೇತಿಗಳ ಊರು, ಆರ್. ಕೆ. ಶ್ರೀಕಂಠನ್ ಅಲ್ಲಿಯವರು. ಮನೆಮಾತನ್ನು ಬಿಡದವರು ನಾಡಿಗೆ ಸೇರಲಾರರು ಎಂಬ ವಾದಕ್ಕೆ ಈ ಊರು ಸದ್ದಿಲ್ಲದ ಉತ್ತರ.

ಈ ಪದರಗಳ ನಡುವೆ ನುಗ್ಗೇಹಳ್ಳಿಯನ್ನು ಇಟ್ಟು ನೋಡಬೇಕು. ವಿಜಯಸೋಮನಾಥಪುರವೆಂದು ಹೆಸರಾಗಿದ್ದ ಈ ಅಗ್ರಹಾರದಲ್ಲಿ ಹೊಯ್ಸಳ ಸೋಮೇಶ್ವರನ ಅಧಿಕಾರಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಲಕ್ಷ್ಮೀನರಸಿಂಹನ ತ್ರಿಕೂಟ ದೇವಾಲಯವನ್ನು ಕಟ್ಟಿಸಿದನು. ಅದೇ ಊರಿನಲ್ಲಿ ಅದೇ ಕಾಲದ ಸದಾಶಿವನ ಗುಡಿಯೂ ಇದೆ. ನರಸಿಂಹನ ಗುಡಿಯ ಹೊರಗೋಡೆಯ ವಿಗ್ರಹಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳಿವೆ. ಒಂದು ಮಗ್ಗುಲು ಒಬ್ಬನದು, ಇನ್ನೊಂದು ಇನ್ನೊಬ್ಬನದು. ರಾಮಾನುಜರು ಬರುವ ಮೊದಲೂ ಈ ನಾಡಿನಲ್ಲಿ ವಿಷ್ಣುವಿನ ಪೂಜೆ ಇದ್ದಿತು. ಆದರೂ ಅವರು ಅಭಯ ಬೇಡಿ ಬಂದ ಒಂದೂಕಾಲು ಶತಮಾನದ ಬಳಿಕ, ವೈಷ್ಣವ ಭಕ್ತಿಯು ದಂಡನಾಯಕರ ಸಂಪತ್ತನ್ನೂ ಶಿಲ್ಪಿಗಳ ಪ್ರತಿಭೆಯನ್ನೂ ಪಡೆದು ಎಷ್ಟು ಗಟ್ಟಿಯಾಗಿ ನಿಂತಿತ್ತು ಎಂಬುದಕ್ಕೆ ಈ ಗುಡಿ ಸಾಕ್ಷಿ. ಬಂದವರು ನೆಲೆ ನಿಂತಿದ್ದರು. ಮುಂದಿನ ಪ್ರಶ್ನೆ, ನೆಲೆ ನಿಂತವರು ಹೇಗೆ ನಡೆದುಕೊಂಡರು ಎಂಬುದು.

1368ರ ಒಪ್ಪಂದ

ಇದಕ್ಕೆ ಉತ್ತರ ಬೆಳಗೊಳದಲ್ಲಿಯೇ ಇರುವ ಇನ್ನೊಂದು ಶಾಸನದಲ್ಲಿದೆ. ವಿಜಯನಗರದ ಬುಕ್ಕರಾಯನ ಕಾಲದ, 1368ರ ಈ ಶಾಸನದ ಹಿನ್ನೆಲೆ ಒಂದು ದೂರು. ಆನೆಯಗೊಂದಿ, ಪೆನುಗೊಂಡೆ ಮೊದಲಾದ ನಾಡುಗಳ ಜೈನರು ‘ಭಕ್ತರು’, ಅಂದರೆ ಶ್ರೀವೈಷ್ಣವರು, ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಅರಸನಲ್ಲಿ ಮೊರೆಯಿಟ್ಟರು. ತಮ್ಮ ಬಸದಿಗಳಿಗೆ ಹಿಂದಿನಿಂದ ಸಂದುಬಂದ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಅವರ ಪ್ರಶ್ನೆಯಾಗಿತ್ತು. ವಾದ್ಯ, ಕಲಶ ಎಂದರೆ ಬೀದಿಯಲ್ಲಿ ಕಾಣಿಸಿಕೊಳ್ಳುವ, ಕೇಳಿಸಿಕೊಳ್ಳುವ ಹಕ್ಕು. ‘ನೀವು ಇರಬಹುದು, ಆದರೆ ಕಾಣಿಸಿಕೊಳ್ಳಬೇಡಿ’ ಎಂಬುದು ಹಗೆತನದ ಹಳೆಯ ವರಸೆ.

ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಕರೆಸಿದನು. ಆ ಸಭೆಯಲ್ಲಿ ಸೇರಿದವರ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲ ಎಂದು ಕರೆಸಿಕೊಂಡ ತಳಸಮುದಾಯಗಳ ಹೆಸರೂ ಬರುತ್ತದೆ. ಅವರೆಲ್ಲರ ಎದುರಿನಲ್ಲಿ ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು. ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದೂ, ಜೈನ ದರ್ಶನಕ್ಕೆ ಹಾನಿಯಾದರೆ ಅದನ್ನು ವೈಷ್ಣವರು ತಮ್ಮ ದರ್ಶನಕ್ಕಾದ ಹಾನಿಯೆಂದೇ ಎಣಿಸಬೇಕೆಂದೂ ಕಟ್ಟು ಮಾಡಿದನು. ಈ ಶಾಸನವನ್ನು ನಾಡಿನ ಬಸದಿಗಳಲ್ಲೆಲ್ಲ ನಿಲ್ಲಿಸುವ ಹೊಣೆಯೂ ಶ್ರೀವೈಷ್ಣವರದೇ. ತಿರುಮಲೆಯ ತಾತಯ್ಯನು ಜೈನರ ಮನೆಗೊಂದು ಹಣದಂತೆ ವರ್ಷ ವರ್ಷ ಎತ್ತಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು ಎಂಬ ಏರ್ಪಾಡೂ ಆಯಿತು.

ಈ ಶಾಸನವನ್ನು ಮತಸಾಮರಸ್ಯದ ಆದರ್ಶವಾಗಿ ಹೊಗಳುವುದು ವಾಡಿಕೆ. ಆ ಹೊಗಳಿಕೆಗೆ ಅದು ಅರ್ಹವೂ ಹೌದು. ಆದರೆ ನಾವು ಅದರಲ್ಲಿ ಮೂರು ಸಂಗತಿಗಳನ್ನು ಬೇರೆಯಾಗಿ ಗಮನಿಸಬೇಕು.

ಮೊದಲನೆಯದು, ದೂರು ಕೊಟ್ಟವರು ಹೊಸಬರಲ್ಲ. ಬೆಳಗೊಳದ ಜೈನರು ಆ ಹೊತ್ತಿಗೆ ಏಳೆಂಟು ಶತಮಾನಗಳಿಗೂ ಮೀರಿ ಅಲ್ಲಿ ನೆಲೆಸಿದ್ದರು. ಯಾರ ಮೇಲೆ ದೂರು ಹೋಯಿತೋ ಅವರ ಸಂಪ್ರದಾಯವೇ ಅವರಿಗಿಂತ ತಡವಾಗಿ, ಕಿರುಕುಳಕ್ಕೆ ಸಿಕ್ಕಿ, ಇದೇ ನಾಡಿಗೆ ಓಡಿಬಂದುದು. ಮೊದಲು ಬಂದವರು ಎಂಬ ಹಿರಿತನ ಜೈನರನ್ನು ಕಾಯಲಿಲ್ಲ; ತಾವೂ ಒಮ್ಮೆ ಆಶ್ರಯ ಬೇಡಿದ್ದೆವು ಎಂಬ ನೆನಪು ವೈಷ್ಣವರನ್ನು ತಡೆಯಲಿಲ್ಲ. ಹಾಗಾದರೆ ಹಗೆತನದ ಬೇರು ಹೊಸತನದಲ್ಲಿಲ್ಲ. ಬಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿದಾಗ ಮತ್ತು ಬಲ ಪಡೆದವರು ಮರೆತಾಗ ಅದು ಹುಟ್ಟುತ್ತದೆ.

ಎರಡನೆಯದು, ಅರಸನ ತೀರ್ಪು ರಕ್ಷಣೆಯ ಹೊಣೆಯನ್ನು ಬಲಶಾಲಿಗಳ ತಲೆಯ ಮೇಲೆ, ಅವರ ಹೆಸರು ಹೇಳಿ, ಇರಿಸಿತು. ‘ನೀವು ಸಹಿಸಿಕೊಳ್ಳಿ’ ಎಂದಷ್ಟೇ ಅದು ಹೇಳಲಿಲ್ಲ. ‘ಅವರ ನಷ್ಟ ನಿಮ್ಮ ನಷ್ಟ’ ಎಂದಿತು. ಮೂರನೆಯದು ಅಷ್ಟು ಹಿತವಾದ ಮಾತಲ್ಲ. ಕಾವಲಿನ ವೆಚ್ಚವನ್ನು ತೆತ್ತವರು ಜೈನರೇ. ದುರ್ಬಲರು ತಮ್ಮ ನೆಮ್ಮದಿಗೆ ತಾವೇ ಬೆಲೆ ಕೊಡಬೇಕಾಯಿತು. ಅತ್ಯುತ್ತಮ ಒಪ್ಪಂದದಲ್ಲಿಯೂ ಆಶ್ರಯವು ಪೂರ್ತಿಯಾಗಿ ಸಮಾನತೆಯಾಗಲಿಲ್ಲ.

ಕ್ರೈಸ್ತರ ಪಾಲು

ಈ ಚರಿತ್ರೆಯಲ್ಲಿ ಕ್ರೈಸ್ತರ ಪಾತ್ರ ಒಂದೇ ಬಗೆಯದಲ್ಲ. 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣಾ ನ್ಯಾಯಮಂಡಳಿ ಸ್ಥಾಪನೆಯಾಯಿತು. 1812ರಲ್ಲಿ ಅದು ಕೊನೆಗೊಂಡಿತು. ಆ ಕಾಲದಲ್ಲಿ ತಮ್ಮ ದೇವರುಗಳನ್ನು ಹೊತ್ತುಕೊಂಡು ಗೌಡ ಸಾರಸ್ವತ ಕುಟುಂಬಗಳು ಕರಾವಳಿಯ ದಕ್ಷಿಣಕ್ಕೆ ಬಂದವು. ಹೊಸದಾಗಿ ಕ್ರೈಸ್ತರಾಗಿದ್ದವರಲ್ಲಿಯೂ ಅನೇಕರು ವಿಚಾರಣೆಯ ಭಯ, ತೆರಿಗೆ, ಕ್ಷಾಮ, ಯುದ್ಧಗಳ ಕಾರಣ ಅದೇ ದಾರಿ ಹಿಡಿದರು. ಕ್ರಿಸ್ತನ ಹೆಸರು ಹೊತ್ತ ಅಧಿಕಾರವೇ ಜನರನ್ನು ನಿರಾಶ್ರಿತರನ್ನಾಗಿ ಮಾಡಿತು. ಆ ನಿರಾಶ್ರಿತರಲ್ಲಿ ಕ್ರೈಸ್ತರೂ ಇದ್ದರು. ಇಬ್ಬರಿಗೂ ನೆಲ ಕೊಟ್ಟವರು ಕ್ರೈಸ್ತರಲ್ಲದ ಅರಸರು. ಆತಿಥ್ಯದ ದೈವಶಾಸ್ತ್ರವನ್ನು ಕಲಿಸುವಾಗ ಈ ಅಧ್ಯಾಯವನ್ನು ಬಿಟ್ಟು ಕಲಿಸುವುದು ಸಾಧ್ಯವಿಲ್ಲ.

ಕರಾವಳಿಯಲ್ಲಿ ಒಳ್ಳೆಯ ಬೇಸಾಯಗಾರರೆಂದು ಹೆಸರು ಪಡೆದ ಕೊಂಕಣಿ ಕ್ಯಾಥೊಲಿಕರ ಮೇಲೆ 1784ರಲ್ಲಿ ಆಪತ್ತು ಎರಗಿತು. ಇಂಗ್ಲಿಷರೊಡನೆ ನಡೆದ ಯುದ್ಧದಲ್ಲಿ ಅವರು ಶತ್ರುವಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು ಸಾವಿರಾರು ಮಂದಿಯನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಸಂಖ್ಯೆಯ ಬಗ್ಗೆ ದಾಖಲೆಗಳು ಒಂದಕ್ಕೊಂದು ಬಹಳ ದೂರವಿವೆ. ಸೆರೆಯ ಅವಧಿ ಮಾತ್ರ 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಎಂಬುದು ಖಚಿತ. ಇಲ್ಲಿ ಕಾಣುವ ಆರೋಪದ ಬಗೆ ನಮಗೆ ಪರಿಚಿತವಾದದ್ದೇ: ಇವರ ದೇಹ ಇಲ್ಲಿ, ನಿಷ್ಠೆ ಅಲ್ಲಿ. ಮುಂದೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರವು ಕನ್ನಡ ಕರಾವಳಿಯಲ್ಲಿ ದಶಕಗಳಿಂದ ದುಡಿಯುತ್ತಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಶತ್ರುದೇಶದವರೆಂದು ಬಂಧನದಲ್ಲಿಟ್ಟಾಗಲೂ ತರ್ಕ ಇದೇ ಆಗಿತ್ತು. ಸುಲ್ತಾನನಾಗಲಿ ಕ್ರೈಸ್ತ ಸರ್ಕಾರವಾಗಲಿ, ಯುದ್ಧದ ಭಯದಲ್ಲಿ ಒಬ್ಬೊಬ್ಬರ ನಡತೆಯನ್ನು ಪರಿಶೀಲಿಸದೆ ಹುಟ್ಟನ್ನೇ ಅಪರಾಧವಾಗಿಸಿತು.

1799ರ ಬಳಿಕ ಚದುರಿಹೋದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಕೂಡಿಸುವ ಕೆಲಸಕ್ಕೆ ಬಂದವರು ಅಬ್ಬೆ ದ್ಯುಬುವಾ. ಫ್ರಾನ್ಸಿನ ಕ್ರಾಂತಿಯಲ್ಲಿ ಪಾದ್ರಿಗಳು ಬೇಟೆಗೊಳಗಾಗಿದ್ದ 1792ರ ವರ್ಷದಲ್ಲಿಯೇ ಅವರು ತಮ್ಮ ದೇಶವನ್ನು ಬಿಟ್ಟಿದ್ದರು. ಅವರು ನೆಲೆಯಿಲ್ಲದ ಕ್ರೈಸ್ತರಿಗಾಗಿ ಬೇಸಾಯದ ವಸಾಹತುಗಳನ್ನು ಕಟ್ಟಿದರು. ಅವುಗಳಲ್ಲಿ ಮುಖ್ಯವಾದುದು ಹಾಸನದ ಬಳಿಯ ಸಾತಳ್ಳಿ. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿಯೂ ಅವರು ಮುಂದಿದ್ದರು. 1823ರಲ್ಲಿ ಅವರು ಹಿಂದಿರುಗಿ ಹೋದರು. ಸಾತಳ್ಳಿಯ ಸಭೆ ಉಳಿಯಿತು. ಹೊಲ, ನೇಗಿಲು, ಲಸಿಕೆಗಳಿಂದ ಶುರುವಾದ ಈ ಸೇವೆಯನ್ನು ಇಂದಿನ ಮಾತಿನಲ್ಲಿ ಪುನರ್ವಸತಿ ಎನ್ನಬೇಕು. ಹಾಸನ ಸೀಮೆಯ ಕ್ರೈಸ್ತರು ‘ನಾವು ಈ ಮಣ್ಣಿನ ಮೂಲ ಒಕ್ಕಲು’ ಎನ್ನುವಾಗ, ಆ ಒಕ್ಕಲುತನದ ಒಂದು ಬೇರು ಸೆರೆಯಿಂದ ಬಿಡುಗಡೆಯಾದವರ ಮರುವಸತಿಯಲ್ಲಿದೆ ಎಂಬುದನ್ನೂ ನೆನೆಯಬೇಕು.

ನಮ್ಮ ಕಾಲದವರು

ಇಂದಿನ ಮತ್ತು ನಿನ್ನೆಯ ನಿರಾಶ್ರಿತರನ್ನು ಈ ಹಿನ್ನೆಲೆಯಲ್ಲಿ ನೋಡೋಣ. 1959ರಲ್ಲಿ ದಲಾಯಿ ಲಾಮಾ ಲ್ಹಾಸಾವನ್ನು ತೊರೆದ ಮೇಲೆ ಬಂದ ಟಿಬೆಟಿಯನ್ನರಿಗಾಗಿ ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ವಸತಿಗಳಾದವು. ತಣ್ಣನೆಯ ಎತ್ತರದ ನಾಡಿನಿಂದ ಬಂದವರು ಕಾಡು ಕಡಿದು, ಆನೆಯ ಹಾವಳಿ ತಡೆದು, ಮುಸುಕಿನ ಜೋಳ ಬೆಳೆದರು. ಎಸ್. ನಿಜಲಿಂಗಪ್ಪನವರ ಹೆಸರನ್ನು ಅವರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಆದರೆ ಅದೇ ಪ್ರದೇಶದ ನಾಗರಹೊಳೆ ಕಾಡಿನಿಂದ ಹೊರಹಾಕಲ್ಪಟ್ಟ ಜೇನುಕುರುಬರಲ್ಲಿ ಹಲವರಿಗೆ ಇಂದಿಗೂ ಭೂಮಿಯಿಲ್ಲ. ‘ಹೊರಗಿನವರಿಗೆ ಸಿಕ್ಕಿದ್ದು ನಮಗೆ ಯಾಕೆ ಸಿಗಲಿಲ್ಲ?’ ಎಂಬ ಪ್ರಶ್ನೆ ಅವರ ಬಾಯಲ್ಲಿ ಹುಟ್ಟಿದರೆ ಅದನ್ನು ದ್ವೇಷವೆಂದು ತಳ್ಳಿಹಾಕಲಾಗದು. ಅದು ಸರ್ಕಾರಕ್ಕೆ ಕೇಳಬೇಕಾದ ನ್ಯಾಯದ ಪ್ರಶ್ನೆ. ಅದನ್ನು ನಿರಾಶ್ರಿತನ ಕಡೆಗೆ ತಿರುಗಿಸಿದಾಗ ಮಾತ್ರ ಅದು ಹಗೆಯಾಗುತ್ತದೆ. ಬಡ ಆತಿಥೇಯನ ಅಳಲನ್ನು ಕೇಳದ ಸಭೆ ನಿರಾಶ್ರಿತನ ಪರವಾಗಿ ಆಡುವ ಮಾತಿಗೆ ಹಳ್ಳಿಯಲ್ಲಿ ಕಿವಿಗೊಡುವವರು ಸಿಗುವುದಿಲ್ಲ.

ಪುತ್ತೂರು, ಸುಳ್ಯಗಳ ರಬ್ಬರ್ ತೋಟಗಳಲ್ಲಿರುವ ತಮಿಳರ ಕಥೆ ಇನ್ನೊಂದು ಬಗೆಯದು. ಇವರ ಪೂರ್ವಿಕರನ್ನು 19ನೇ ಶತಮಾನದಲ್ಲಿ ಸಿಲೋನಿನ ತೋಟಗಳ ದುಡಿಮೆಗೆ ಒಯ್ಯಲಾಯಿತು. 1948ರ ಸಿಲೋನ್ ಪೌರತ್ವ ಕಾಯ್ದೆ ಅವರಲ್ಲಿ ಬಹುಪಾಲಿನವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ ಎಂದು ಹಂಚಿಕೆಯಾಯಿತು. ತಲೆಮಾರುಗಳಿಂದ ಒಂದೇ ಲಯದಲ್ಲಿ, ಅಂದರೆ ತೋಟದ ಸಾಲುಮನೆಗಳಲ್ಲಿ, ಬಾಳಿದವರನ್ನು ಎರಡು ದೇಶಗಳ ಲೆಕ್ಕಪುಸ್ತಕಗಳು ಹಂಚಿಕೊಂಡವು. ಅಲ್ಲಿ ‘ಇಂಡಿಯಾದವರು’ ಎನಿಸಿಕೊಂಡವರು ಇಲ್ಲಿಗೆ ಬಂದು ‘ಸಿಲೋನಿನವರು’ ಎನಿಸಿಕೊಂಡರು.

ಈಚಿನ ವರ್ಷಗಳಲ್ಲಿ ಬಂದವರ ಸ್ಥಿತಿ ಇನ್ನೂ ಸಡಿಲ. 2017ರ ಆಗಸ್ಟಿನ ಹಿಂಸೆಯ ಬಳಿಕ ಮ್ಯಾನ್ಮಾರಿನಿಂದ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿದರು. ಅದೇ ಸಮುದಾಯದ ಕೆಲವು ಕುಟುಂಬಗಳು ಬೆಂಗಳೂರಿನ ಅಂಚಿನಲ್ಲಿ ಗುಜರಿ ಆರಿಸಿ ಬದುಕುತ್ತಿವೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶದವರು ಇದ್ದಾರೆಂಬ ಶಂಕೆಯ ಮೇಲೆ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಭಾರತದ ಬೇರೆ ರಾಜ್ಯಗಳ, ಕರ್ನಾಟಕದ ಉತ್ತರ ಜಿಲ್ಲೆಗಳ ಕೂಲಿಕಾರರೂ ಇದ್ದರು. 2012ರ ಆಗಸ್ಟಿನಲ್ಲಿ ಬರಿಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಜನರು ಬೆಂಗಳೂರಿನಿಂದ ಗುವಾಹಾಟಿಯ ರೈಲು ಹತ್ತಿದರು; ಅವರಲ್ಲಿ ನಮ್ಮ ಸಭೆಗಳಲ್ಲಿ ಹಾಡುತ್ತಿದ್ದವರೂ ಇದ್ದರು. ಸಕಲೇಶಪುರ, ಬೇಲೂರುಗಳ ಕಾಫಿ ತೋಟಗಳಲ್ಲಿ ಇಂದು ಅಸ್ಸಾಮಿನ ಕಾರ್ಮಿಕರು ದುಡಿಯುತ್ತಿದ್ದಾರೆ. ಮುಖ ನೋಡಿ ‘ಎಲ್ಲಿಯವನು?’ ಎಂದು ಕೇಳುವ ಪ್ರಶ್ನೆ ಪೌರನನ್ನೂ ಪರದೇಶಿಯನ್ನೂ ಬೇರ್ಪಡಿಸುವುದಿಲ್ಲ. ಬಡವನಾದರೆ ಇಬ್ಬರೂ ಒಂದೇ ಬಲೆಗೆ ಬೀಳುತ್ತಾರೆ.

ಹೋಲಿಕೆಯೂ ಅದರ ಮಿತಿಯೂ

ಹಾಗೆಂದು ಹಿಂದಿನವರಿಗೂ ಇಂದಿನವರಿಗೂ ಭೇದವೇ ಇಲ್ಲವೆನ್ನಲಾಗದು. ವಿಷ್ಣುವರ್ಧನನ ಕಾಲದಲ್ಲಿ ಗಡಿಯಲ್ಲಿ ಗುರುತಿನ ಚೀಟಿ ಕೇಳುವವರಿರಲಿಲ್ಲ. ಭೂಮಿ ಹೆಚ್ಚು, ಜನ ಕಡಿಮೆ ಇದ್ದ ನಾಡಿನಲ್ಲಿ ಬೇಸಾಯ ಬಲ್ಲವರೂ ವಿದ್ಯೆ ಬಲ್ಲವರೂ ಅರಸರಿಗೆ ಬೇಕಾಗಿದ್ದರು. ಬಂದವರಲ್ಲಿ ಹಲವರು ಮೇಲುಜಾತಿಯವರು, ಗುರುಗಳು, ಪಂಡಿತರು. ಅವರಿಗೆ ಅಗ್ರಹಾರ ಸಿಕ್ಕಿತು. ಕೂಲಿಯಾಗಿ ಬಂದವರ ವಲಸೆಯನ್ನು ಯಾವ ಶಾಸನವೂ ಬರೆದಿಡಲಿಲ್ಲ. ಹಿಂದಿನವರು ಸುಲಭವಾಗಿ ಬೆರೆತರು ಎಂದು ನಮಗೆ ತೋರುವುದಕ್ಕೆ ಇದೂ ಒಂದು ಕಾರಣ: ಬೆರೆಯಲು ಅನುಕೂಲವಿದ್ದವರ ದಾಖಲೆಯಷ್ಟೇ ಉಳಿದಿದೆ.

ಇಂದಿನ ನಿರಾಶ್ರಿತ ಎದುರಿಸುವುದು ಅರಸನ ಕೃಪೆಯನ್ನಲ್ಲ, ಕಡತವನ್ನು. ನಮ್ಮ ದೇಶ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ಇಲ್ಲ. 1946ರ ವಿದೇಶಿಯರ ಕಾಯ್ದೆಯಾಗಲಿ, ಅದರ ಜಾಗಕ್ಕೆ ಬಂದಿರುವ 2025ರ ಕಾಯ್ದೆಯಾಗಲಿ, ಜೀವಭಯದಿಂದ ಬಂದವನಿಗೆ ಬೇರೆಯದೇ ಆದ ಹಕ್ಕನ್ನು ಕಟ್ಟಿಕೊಟ್ಟಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರಿಗೆ ದಾರಿ ತೆರೆಯಿತು. ಟಿಬೆಟ್, ಶ್ರೀಲಂಕಾ, ಮ್ಯಾನ್ಮಾರಿನಿಂದ ಬಂದವರು ಅದರ ವ್ಯಾಪ್ತಿಯಲ್ಲಿಲ್ಲ; ಆ ಮೂರು ದೇಶಗಳ ಮುಸ್ಲಿಮರೂ ಇಲ್ಲ. ಆರು ಧರ್ಮಗಳ ಪಟ್ಟಿಯಲ್ಲಿ ಕ್ರೈಸ್ತರ ಹೆಸರಿದೆ. ಪಟ್ಟಿಯಲ್ಲಿ ನಮ್ಮ ಹೆಸರಿದೆಯೆಂಬ ನೆಮ್ಮದಿಯಲ್ಲಿ, ಪಟ್ಟಿಯಲ್ಲಿ ಇಲ್ಲದವನ ವಿಷಯ ನಮ್ಮದಲ್ಲವೆಂದು ಸಭೆ ಸುಮ್ಮನಿದ್ದರೆ, ಗಾಯಗೊಂಡವನನ್ನು ಕಂಡು ದಾರಿಯ ಆಚೆ ಮಗ್ಗುಲಿಗೆ ಸರಿದ ಯಾಜಕನ ಸಾಲಿಗೆ ನಾವು ಸೇರುತ್ತೇವೆ. ಸಮಾರ್ಯದವನ ಸಾಮ್ಯವನ್ನು ಯೇಸು ಹೇಳಿದ್ದು ನೆರೆಯವನ ಮಿತಿ ಎಲ್ಲಿಗೆ ಎಂದು ಕೇಳಿದ ಧರ್ಮಶಾಸ್ತ್ರಿಗೆ ಎಂಬುದು ಇಲ್ಲಿ ನೆನಪಾಗಬೇಕು.

ಹೋಲಿಕೆ ನಿಲ್ಲುವುದು ಹಗೆತನದ ಬಗೆಯಲ್ಲಿ. ಮೂರು ಮಾತುಗಳು ಎಲ್ಲ ಕಾಲದಲ್ಲಿಯೂ ಮರುಕಳಿಸಿವೆ: ಇವರ ನಿಷ್ಠೆ ಬೇರೆಡೆ ಇದೆ, ಇವರು ನಮ್ಮ ಪಾಲನ್ನು ಉಣ್ಣುತ್ತಾರೆ, ಇವರ ಆಚಾರ ನಮ್ಮ ಬೀದಿಯಲ್ಲಿ ಕಾಣಬಾರದು. 1368ರ ಜೈನರು ಮೂರನೆಯದನ್ನು ಕೇಳಿದರು, 1784ರ ಕ್ರೈಸ್ತರು ಮೊದಲನೆಯದನ್ನು. ಇಂದಿನ ಗುಡಿಸಲಿನ ಜನ ಮೂರನ್ನೂ ಒಟ್ಟಿಗೆ ಕೇಳುತ್ತಿದ್ದಾರೆ. ಆದ್ದರಿಂದ ‘ಇಂದಿನವರು ಬೇರೆ’ ಎಂಬ ಹೇಳಿಕೆ ಇತಿಹಾಸದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಬೇರೆಯಾಗಿರುವುದು ಅವರ ಮೇಲೆ ಬೀಳುವ ಅಧಿಕಾರದ ರೂಪ.

ನೆನಪೆಂಬ ಧರ್ಮ

ಸತ್ಯವೇದವು ಪರದೇಶಿಯ ಹಕ್ಕನ್ನು ಯಾವುದರ ಮೇಲೆ ಕಟ್ಟುತ್ತದೆ? ಅವನು ದುಡಿಯುತ್ತಾನೆಂಬುದರ ಮೇಲಲ್ಲ, ನಮ್ಮ ಭಾಷೆ ಕಲಿಯುತ್ತಾನೆಂಬುದರ ಮೇಲಲ್ಲ. ವಿಮೋಚನಕಾಂಡದ 23ನೇ ಅಧ್ಯಾಯವೂ ಯಾಜಕಕಾಂಡದ 19ನೆಯದೂ ಧರ್ಮೋಪದೇಶಕಾಂಡದ 10ನೆಯದೂ ಕೊಡುವ ಕಾರಣ ಒಂದೇ: ಇಸ್ರಾಯೇಲರು ಐಗುಪ್ತದಲ್ಲಿ ತಾವೇ ಪರದೇಶಿಗಳಾಗಿದ್ದರು. ಕಾನೂನು ನೆನಪಿನಿಂದ ಹುಟ್ಟುತ್ತದೆ. ಕಾನಾನಿನಲ್ಲಿ ನೆಲೆ ನಿಂತ ಮೇಲೆ ಜನ ಮರೆಯುತ್ತಾರೆಂದು ಗೊತ್ತಿದ್ದರಿಂದಲೇ ಆ ನೆನಪನ್ನು ಪ್ರಥಮಫಲದ ಬುಟ್ಟಿಯೊಡನೆ ಬಾಯಿಬಿಟ್ಟು ಹೇಳಿಸುವ ಏರ್ಪಾಡನ್ನು ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿ ಕಾಣುತ್ತೇವೆ. ಸುಗ್ಗಿಯ ದಿನ, ಹೊಟ್ಟೆ ತುಂಬಿರುವಾಗ, ಅಲೆದಾಡುತ್ತಿದ್ದ ಮೂಲಪುರುಷನ ಹೆಸರೆತ್ತಬೇಕು. ಆ ದಿನದ ಸಂತೋಷದಲ್ಲಿ ಪರದೇಶಿಗೂ ಪಾಲಿರಬೇಕು.

ಯಾಜಕಕಾಂಡದ 25ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಭೂಮಿ ದೇವರದು, ಅದರಲ್ಲಿ ಇಸ್ರಾಯೇಲರೂ ಪ್ರವಾಸಿಗಳೇ. ಅಂದರೆ ಪರದೇಶಿಯಾಗಿರುವುದು ಕಳೆದುಹೋದ ಸಂಗತಿಯಲ್ಲ, ಮುಂದುವರಿಯುವ ಸ್ಥಿತಿ. ಬೆಳಗೊಳದ ಚರಿತ್ರೆ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಯಾರು ಮೊದಲು ಬಂದರು ಎಂಬ ವಾದದ ಮೇಲೆ ಯಾರೂ ಭದ್ರವಾಗಿ ನಿಲ್ಲಲಾರರು, ಏಕೆಂದರೆ ಬಲದ ತಕ್ಕಡಿ ಯಾವಾಗ ವಾಲುತ್ತದೋ ತಿಳಿಯದು. ಈ ನಾಡಿನಲ್ಲಿ ಅಲ್ಪಸಂಖ್ಯಾತರಾಗಿರುವ ನಾವು ‘ನಮ್ಮನ್ನು ಪರದೇಶದ ಮತದವರೆನ್ನಬೇಡಿ’ ಎಂದು ಕೇಳಿಕೊಳ್ಳುವುದು ನ್ಯಾಯವೇ. ಅದೇ ಬಾಯಿಂದ ಇನ್ನೊಬ್ಬನನ್ನು ಪರದೇಶಿಯೆಂದು ತಿರಸ್ಕರಿಸಿದರೆ ನಮ್ಮ ಕೋರಿಕೆಯೇ ಪೊಳ್ಳಾಗುತ್ತದೆ.

ಸಭಾಪಾಲಕರಾಗಲಿರುವವರಿಗೆ ಇದರಿಂದ ಕೆಲವು ಕೆಲಸಗಳು ಒದಗುತ್ತವೆ. ತಮ್ಮ ಸಭೆಯ ಹಳೆಯ ದೀಕ್ಷಾಸ್ನಾನ ಮತ್ತು ಸಮಾಧಿ ದಾಖಲೆಗಳನ್ನು ತೆರೆದು, ಸಭೆಯ ಕುಟುಂಬಗಳು ಎಲ್ಲಿಂದ, ಯಾವ ಬರದಿಂದ, ಯಾವ ಭಯದಿಂದ ಬಂದವೆಂಬುದನ್ನು ಸಭೆಗೆ ತಿಳಿಸುವುದು ಮೊದಲನೆಯದು. ಸುಗ್ಗಿಯ ಕಾಣಿಕೆಯ ಆರಾಧನೆಯಲ್ಲಿ ಆ ಚರಿತ್ರೆಗೂ ಸ್ಥಾನವಿರಲಿ. ತೋಟದ ಸಾಲುಮನೆಗಳಲ್ಲಿ, ಕಟ್ಟಡದ ಕೆಲಸದ ಶೆಡ್ಡುಗಳಲ್ಲಿ ಇರುವವರನ್ನು ಅವರ ಮತವನ್ನು ಕೇಳದೆ ಕಾಣುವುದು ಎರಡನೆಯದು. ಅವರ ಪಕ್ಕದ ಕೇರಿಯ ಭೂಮಿಯಿಲ್ಲದವನ ಅರ್ಜಿಯನ್ನೂ ಅದೇ ಕೈಯಿಂದ ಬರೆದುಕೊಡುವುದು ಮೂರನೆಯದು; ಇದಿಲ್ಲದೆ ಎರಡನೆಯದು ಊರಿನಲ್ಲಿ ಉಳಿಯುವುದಿಲ್ಲ. ವದಂತಿ ಎದ್ದ ದಿನ ಸುಮ್ಮನಿರದೆ, ಹೆಸರು ಹೇಳಿ, ಹೊಣೆ ಹೊತ್ತು ಮಾತನಾಡುವುದು ಕೊನೆಯದು ಮತ್ತು ಕಠಿಣವಾದದ್ದು.

1368ರಲ್ಲಿ ಅರಸನೊಬ್ಬನು ದುರ್ಬಲರ ಕೈಯನ್ನು ಹಿಡಿದು ಬಲಶಾಲಿಗಳ ಕೈಯಲ್ಲಿ ಇಟ್ಟನು. ಕಾವಲಿನ ಹಣವನ್ನು ದುರ್ಬಲರಿಂದಲೇ ಎತ್ತಲಾಯಿತು ಎಂಬುದು ಆ ಒಪ್ಪಂದದ ಕೊರತೆ. ಆ ಕೈಯನ್ನು ಹಿಡಿಯಲು ಅರಸನ ಆಜ್ಞೆಗೆ ಕಾಯದಿರುವುದೂ, ಕಾವಲಿನ ವೆಚ್ಚವನ್ನು ತಾನೇ ಹೊರುವುದೂ ಶಿಲುಬೆಯ ಹೆಸರು ಹೇಳುವ ಸಭೆಯ ಪಾಲಿಗೆ ಬಂದಿರುವ ಕರ್ತವ್ಯ.